ಹೆದರಿಸುವವರು ಯಾರು, ಹಿಡಿಯೋದು ಯಾರನ್ನ?



ವಾರ್ಷಿಕೋತ್ಸವದ ದಿನ ಅಕ್ಕಲಕೋಟದಲ್ಲಿ ಆಡಿದ ಮಾತನ್ನ ಬರೆದು ಕೊಡ್ರಿ ಅಂತ ಸಂಘದ ಹುಡುಗರು ಬೆನ್ನು ಹತ್ತಿದರು. ವಿಷಯ ಅವರೇ ಆರಿಸಿದ್ದು: ಯಾವ ಸರ್ಕಾರದ ಬೆಂಬಲವೂ ಇಲ್ಲದ ಭಯೋತ್ಪಾದನೆ, ಅದಕ್ಕೆ ಸರ್ಕಾರ ಏನು ಮಾಡಬೇಕು ಅನ್ನೋದು. ಅವತ್ತು ಹಿಂದಿನ ಸಾಲಿನಿಂದ ಒಬ್ಬ ಎದ್ದು ಕೇಳಿದ್ದ, "ಕಾಕಾ, ಇದು ದಿಲ್ಲಿಯವರ ಮಾತು, ನಮ್ಮ ಓಣಿಗೇನು ಸಂಬಂಧ?" ಸಂಬಂಧ ಐತಿ. ಓದುವ ನೀವೂ ನನ್ನ ಜೊತೆ ಸೊಲ್ಲಾಪುರದ ಬಸ್ಸು ಹತ್ರಿ.

ಸೊಲ್ಲಾಪುರದಾಗ ಸೆಟ್ಲಮೆಂಟ್ ಅಂತ ಒಂದು ಭಾಗ ಐತಿ. ರಿಕ್ಷಾದವನಿಗೆ ಅಷ್ಟು ಹೇಳಿದರ ಸಾಕು. ಆ ಹೆಸರು ಎಲ್ಲಿಂದ ಬಂತು? ಇಂಗ್ರೇಜ ಸರ್ಕಾರಕ್ಕೆ ದಾರಿಗಳ್ಳರ, ದರೋಡೆಕೋರರ ಭಯ ಇತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ಯಾರು ಏನು ಮಾಡಿದರು ಅಂತ ನೋಡಲಿಲ್ಲ, ಯಾರ ಹೊಟ್ಟೆಯಲ್ಲಿ ಹುಟ್ಟಿದರು ಅಂತ ನೋಡಿದರು. ಕೈಕಾಡಿ, ಕೊರವ, ಪಾರಧಿ ಕುಟುಂಬಗಳನ್ನ ತಂದು ತಂತಿಬೇಲಿಯೊಳಗೆ ಕೂಡಿಸಿದರು. ದಿನಾ ಹಾಜರಿ ಕೊಡಬೇಕು, ಮಿಲ್ಲಿಗೆ ದುಡಿಯಲಿಕ್ಕೆ ಹೋಗಬೇಕು, ಮತ್ತೆ ಬೇಲಿಯೊಳಗೆ ಬರಬೇಕು. ತೊಟ್ಟಿಲ ಕೂಸೂ ಗುನ್ಹೆಗಾರ! ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು, ಆ ಕಾಯ್ದೆ ಹೋದದ್ದು 1952ರಲ್ಲಿ. ಕಳ್ಳನನ್ನ ಹುಡುಕಿ ಹಿಡಿಯೋದು ಕಷ್ಟದ ಕೆಲಸ, ಜಾತಿಯನ್ನ ಹಿಡಿದು ಕೂಡಿಹಾಕೋದು ಸುಲಭ. ಸುಲಭದ ಕೆಲಸ ಮಾಡಿ ಸರ್ಕಾರ ಕೈ ತೊಳಕೊಂಡಿತು.

ಎರಡನೇ ಜಾಗ ಚಾರ್ ಪುತಳಾ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿ ಕೆಲಸಗಾರರು ಬೀದಿಗೆ ಇಳಿದರು. ಮೇ 8ರಂದು ಗೋಲಿಬಾರ್ ಆಯಿತು, ಜನ ಸತ್ತರು. ಸಿಟ್ಟಿಗೆದ್ದ ಗುಂಪು ಪೊಲೀಸ ಚೌಕಿಗೆ, ಕೋರ್ಟಿಗೆ ಬೆಂಕಿ ಹಚ್ಚಿತು. ಪೊಲೀಸರೂ ಸತ್ತರು; ಅವರೂ ಯಾರದೋ ಮನೆಯ ಮಕ್ಕಳೇ, ಅದನ್ನ ನಾನು ಮುಚ್ಚಿಡೋದಿಲ್ಲ. ಸರ್ಕಾರ ಇಡೀ ಊರಿಗೆ ಮಾರ್ಷಲ್ ಲಾ ಹೇರಿತು. ಅದು ಜೂನ್ ಕೊನೆವರೆಗೂ ನಡೀತು. ತಲೆ ಮ್ಯಾಲೆ ಗಾಂಧಿ ಟೋಪಿ ಕಂಡರೂ ಶಿಕ್ಷೆ. ನಮ್ಮ ಮುತ್ತ್ಯಾ ಆಗ ಮಿಲ್ಲಿನಲ್ಲಿದ್ದ. ಟೋಪಿಯನ್ನ ಜ್ವಾಳದ ಗಡಿಗೆಯೊಳಗೆ ಬಚ್ಚಿಟ್ಟ ಕತಿ ಆಯಿ ಹೇಳ್ತಿದ್ದಳು. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಈ ನಾಲ್ವರನ್ನ 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೆ ಹಾಕಿದರು. ಅವತ್ತಿನ ಸರ್ಕಾರಕ್ಕೆ ಕೊಲೆಗಾರರು, ಇವತ್ತು ನಾವು ಮಾಲೆ ಹಾಕುವ ಹುತಾತ್ಮರು. ಅದಕ್ಕೇ ಹೇಳ್ತೀನಿ, 'ಭಯೋತ್ಪಾದಕ' ಅನ್ನೋ ಶಬ್ದವನ್ನ ಯಾರು ಯಾರಿಗೆ ಹಚ್ಚತಾರ ಅಂತ ಮೊದಲು ನೋಡ್ರಿ.

ಹಂಗಂತ ಭಯೋತ್ಪಾದನೆ ಅನ್ನೋದೇ ಇಲ್ಲ ಅಂತಲ್ಲ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್. 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ನಮ್ಮ ಪಕ್ಕದ ಸಿಂದಗಿ ತಾಲೂಕಿನ ಮಗ ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಗಡಿ ಆಚೆಯ ದೇಶ ಇಲ್ಲ, ಸೈನ್ಯ ಇಲ್ಲ. ಒಂದು ಮೋಟಾರ್ ಸೈಕಲ್, ಒಂದು ದೇಶೀ ಪಿಸ್ತೂಲು. ಸತ್ತವರು ನಾಲ್ವರು, ಬಾಯಿ ಮುಚ್ಚಬೇಕಾದವರು ಸಾವಿರಾರು ಮಂದಿ, ಅದೇ ಅದರ ಲೆಕ್ಕ.

ಆ ಗುಂಟನ್ನ ಬಿಚ್ಚಿದ್ದು ಮಾರ್ಷಲ್ ಲಾ ಅಲ್ಲ, ಯಾವ ಜಾತಿ-ಧರ್ಮದ ಓಣಿಯನ್ನೂ ಜಾಲಾಡಿದ್ದಲ್ಲ. ಗೌರಿ ಪ್ರಕರಣಕ್ಕೆ ಕರ್ನಾಟಕ ಮಾಡಿದ ವಿಶೇಷ ತನಿಖಾ ದಳ ಗುಂಡಿನ ಗುರುತು ಹೊಂದಿಸಿತು. ಕಲಬುರ್ಗಿಯವರಿಗೂ ಗೌರಿಗೂ ಹೊಡೆದದ್ದು ಒಂದೇ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಬಂತು. ಅಲ್ಲಿ ಸಿಕ್ಕ ಎಳೆ ಮಹಾರಾಷ್ಟ್ರದ ಪ್ರಕರಣಗಳಿಗೂ ದಾರಿ ತೋರಿಸಿತು. ಆದರೆ ದಾಭೋಲ್ಕರ್ ತೀರ್ಪು ಬಂದದ್ದು 2024ರ ಮೇ 10ರಂದು: ಇಬ್ಬರಿಗೆ ಜೀವಾವಧಿ, ಮೂವರು ಖುಲಾಸೆ. ಹತ್ತು ವರ್ಷ ಮೀರಿ ಹೋಗಿತ್ತು. ನನ್ನ ತಕರಾರು ಇದೇ. ಕಾನೂನು ಸಾಲದ್ದಕ್ಕಲ್ಲ, ಚುರುಕಿನ ತನಿಖೆ ಸಾಲದ್ದಕ್ಕೆ ತಡ ಆಯಿತು. ನಾರ್ವೆ ದೇಶದಲ್ಲಿ 2011ರಲ್ಲಿ ಒಬ್ಬನೇ ಒಬ್ಬ 77 ಮಂದಿಯನ್ನ ಕೊಂದ. ಅಂಥವನನ್ನೂ ಅವರು ಸಾಮಾನ್ಯ ಕೋರ್ಟಿನಲ್ಲೇ ನಿಲ್ಲಿಸಿ, ವಕೀಲನನ್ನ ಕೊಟ್ಟು, ಮರುವರ್ಷವೇ ಶಿಕ್ಷೆ ಕೊಟ್ಟರು.

ಇನ್ನ ನಮ್ಮ ಭಯ. 2000ದ ಮಾರ್ಚ್ 11ರಂದು ಕರ್ನಾಟಕದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. ಸಾಕ್ಷಿ ಯಾಕ ತಿರುಗತಾನ? ಕೋರ್ಟಿನಿಂದ ಅವನು ಅದೇ ಊರಿಗೆ ಮರಳಬೇಕು, ಅದೇ ಗೌಡನ ಹೊಲದಲ್ಲಿ ಕೂಲಿ ಕೇಳಬೇಕು. ಒಂದು ಊರನ್ನ ಹೆದರಿಸಿಡಲಿಕ್ಕೆ ಮಾಡಿದ ಕೊಲೆ ಭಯೋತ್ಪಾದನೆ ಅಲ್ಲದೆ ಮತ್ತೇನು? ಅದನ್ನ ಹಂಗ ಕರೆದವರನ್ನ ನಾನು ಕಂಡಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿಯಾಗಿ, ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕಿನ ಅಧ್ಯಾಯ 2016ರಿಂದ ಜಾರಿಗೆ ಬಂತು. ರಕ್ಷಣೆ, ಪ್ರಯಾಣ ಖರ್ಚು, ಬೇರೆ ಕಡೆ ನೆಲೆ, ಎಲ್ಲಾ ಅದರೊಳಗೆ ಐತಿ. ಭಯಕ್ಕೆ ಸರ್ಕಾರ ಕೊಡಬೇಕಾದ ಉತ್ತರ ಅಲ್ಲೇ ಬರೆದಿಟ್ಟಾರ. ಕೇಳಿ ತಗೊಳ್ಳೋರು ಬೇಕು.

ರಕ್ತದ ದಾರಿ ನಮಗೆ ಬೇಡ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ಹೇಳ್ಯಾರ. ಆ ಮಾತಿನೊಳಗೆ ಸರ್ಕಾರದ ಮ್ಯಾಲೂ ಒಂದು ಭಾರ ಐತಿ: ಸಂವಿಧಾನದ ದಾರಿ ತೆರೆದಿರಬೇಕು. 2025ರ ಜುಲೈದಾಗ ಮಹಾರಾಷ್ಟ್ರ ವಿಧಾನಮಂಡಲ ವಿಶೇಷ ಜನಸುರಕ್ಷಾ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಂಘಟನೆಯನ್ನೇ ಕಾನೂನುಬಾಹಿರ ಅಂತ ಸಾರುವ ಅಧಿಕಾರ ಅದರಲ್ಲಿ ಐತಿ. ಅದನ್ನ ಓದಿದಾಗ ನನಗೆ ಸೆಟ್ಲಮೆಂಟಿನ ತಂತಿಬೇಲಿ ನೆನಪಾಯಿತು.

ಆದ್ದರಿಂದ ಹುಡುಗರೇ, ಇಷ್ಟು ಗೊತ್ತಿರಲಿ. ನಿಮ್ಮನ್ನ ಬಂಧಿಸಿದರೆ ಕಾರಣ ಹೇಳಬೇಕು, ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅದು ಸಂವಿಧಾನದ 22ನೇ ಕಲಮು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲ ಪುಕ್ಕಟೆ, ಉತ್ಪನ್ನದ ದಾಖಲೆ ಕೇಳುವಂತಿಲ್ಲ, ಜಾತಿ ಸರ್ಟಿಫಿಕೇಟ್ ಸಾಕು. ಅದರ ಒಂದು ಝೆರಾಕ್ಸ್ ಮನೆಯಲ್ಲಿ ಅವ್ವನ ಕೈಯಾಗ ಕೊಟ್ಟಿಡ್ರಿ.