‘ದ ನೈಟ್ ಡೈರಿ’ ಓದಿದ ಮೇಲೆ

(ಆಲ್ಡಿಯ ಕುಟುಂಬ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾವು ಸಾಹಿತಿಗಳಲ್ಲ. ಬಿ.ಕಾಂ. ಮುಗಿಸಿ ಲೆಕ್ಕ ಬರೆಯುತ್ತಾ ಬಂದವರು. ಟ್ಯಾಕ್ಸ್ ತುಂಬುವ ಸಮಯ ಬಿಟ್ಟರೆ ನಮ್ಮನ್ನು ಮಾತಿಗೆ ಕರೆಯುವವರು ಕಡಿಮೆ. ಇವತ್ತು ಒಂದು ಮಕ್ಕಳ ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಹೇಳಿದ್ದೀರಿ. ಸಂತೋಷ.

ಪುಸ್ತಕದ ಹೆಸರು ‘ದ ನೈಟ್ ಡೈರಿ’. ಬರೆದವರು ವೀರಾ ಹಿರಾನಂದಾನಿ. 2018ರಲ್ಲಿ ಬಂತು, 2019ರಲ್ಲಿ ನ್ಯೂಬೆರಿ ಆನರ್ ಎಂಬ ದೊಡ್ಡ ಗೌರವ ಪಡೆಯಿತು. ಇಲ್ಲೇ ಸ್ಟೋನ್ ರಿಡ್ಜ್‌ನ ಗಮ್ ಸ್ಪ್ರಿಂಗ್ ಲೈಬ್ರೆರಿಯಿಂದ ಮಗಳು ತಂದಿದ್ದಳು. ಇಶಾ ನಮಾಝ್ ಆದ ಮೇಲೆ ಅವಳು ಒಂದು ಪುಟ, ನಾವು ಒಂದು ಪುಟ ಅಂತ ಜೋರಾಗಿ ಓದಿ ಮುಗಿಸಿದೆವು.

ಕಥೆ ನಡೆಯುವುದು 1947ರಲ್ಲಿ, ಸಿಂಧ್ ಪ್ರಾಂತ್ಯದ ಮೀರ್‌ಪುರ್ ಖಾಸ್ ಎಂಬ ಊರಿನಲ್ಲಿ. ನಿಶಾ ಹನ್ನೆರಡು ವರ್ಷದ ಹುಡುಗಿ. ಅಮಿಲ್ ಅವಳ ಅವಳಿ ತಮ್ಮ. ತಂದೆ ಹಿಂದೂ, ಡಾಕ್ಟರು. ತಾಯಿ ಮುಸ್ಲಿಂ, ಈ ಮಕ್ಕಳನ್ನು ಹೆರುವಾಗಲೇ ತೀರಿಕೊಂಡವರು. ಅಡುಗೆ ಮಾಡುವ ಕಾಝಿ ಮುಸ್ಲಿಂ. ಅವರು ಹುಟ್ಟುಹಬ್ಬಕ್ಕೆ ಕೊಟ್ಟ ಡೈರಿಯಲ್ಲಿ ನಿಶಾ ದಿನಾ ರಾತ್ರಿ ತನ್ನ ಸತ್ತುಹೋದ ತಾಯಿಗೆ ಪತ್ರ ಬರೆಯುತ್ತಾಳೆ. ದೇಶ ಎರಡಾಗುತ್ತದೆ. ಕಾಝಿಯನ್ನು ಬಿಟ್ಟು ಹೊರಡಬೇಕಾಗುತ್ತದೆ. ಮರುಭೂಮಿಯಲ್ಲಿ ನಡಿಗೆ, ನೀರಿಲ್ಲ. ದಾರಿಯಲ್ಲಿ ತಾಯಿಯ ಸಹೋದರ ರಶೀದ್ ಮಾಮ ಅಪಾಯ ಕಟ್ಟಿಕೊಂಡು ಅವರನ್ನು ಮನೆಯೊಳಗೆ ಅಡಗಿಸಿಡುತ್ತಾರೆ. ಮುಂದಿನದ್ದು ಹೇಳುವುದಿಲ್ಲ, ಮಕ್ಕಳು ಓದಬೇಕು.

ಅರ್ಧ ಪುಸ್ತಕ ಆಗುವಾಗ ಮಗಳು ಕೇಳಿದಳು: “ಉಪ್ಪಾ, ನಿಶಾ ಯಾವ ಕಡೆಯವಳು?” ನಮಗೆ ಉತ್ತರ ಸಿಗಲಿಲ್ಲ. ಸಿಗಬಾರದು ಅಂತಲೇ ಆ ಪುಸ್ತಕ ಬರೆದದ್ದು ಅಂತ ಆಮೇಲೆ ಅನಿಸಿತು. ಇನ್ನೊಂದು ಪ್ರಶ್ನೆ ಇನ್ನೂ ಕಷ್ಟದ್ದು: “ಆಗ ನಮ್ಮವರು ಎಲ್ಲಿದ್ದರು?”

ನಮ್ಮವರು ಊರಲ್ಲೇ ಇದ್ದರು. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ರಾಡ್‌ಕ್ಲಿಫ್ ಗೆರೆ ಎಳೆದದ್ದು ದೂರದ ಪಂಜಾಬ್ ಮತ್ತು ಬಂಗಾಳದಲ್ಲಿ. ಒಂದು ಕೋಟಿಗೂ ಹೆಚ್ಚು ಜನ ಆಚೀಚೆ ಆದರು, ಲಕ್ಷಾಂತರ ಜನ ಸತ್ತರು. ನಮ್ಮ ಕಡಲ ಬದಿಗೆ ಆ ಬೆಂಕಿ ಬರಲಿಲ್ಲ. ನಮಗೂ ಒಂದು ಗೆರೆ ಬಂತು, 1956ರ ನವೆಂಬರ್ 1ಕ್ಕೆ. ಕಾಸರಗೋಡು ಕೇರಳಕ್ಕೆ, ಮಂಗಳೂರು ಮೈಸೂರು ರಾಜ್ಯಕ್ಕೆ. ಬಸ್ಸು ನಿಲ್ಲಲಿಲ್ಲ, ತಲಪಾಡಿಯ ಆಚೆ ಹೆಣ್ಣು ಕೊಟ್ಟು ತರುವುದೂ ನಿಲ್ಲಲಿಲ್ಲ. ಗೆರೆ ಅಂದರೆ ಎಂತದು ಅಂತ ನಮಗೆ ಗೊತ್ತಾದದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಅಂತ ತಲಪಾಡಿ ರಸ್ತೆ ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಅತ್ತಲೇ ಉಳಿದರು. ಇದನ್ನು ಹೇಳಿದಾಗ ಮಗಳಿಗೆ 1947 ಸ್ವಲ್ಪ ಹತ್ತಿರವಾಯಿತು.

ಕನ್ನಡದಲ್ಲಿ ಇಂತಹ ಪುಸ್ತಕ ಇಲ್ಲವಾ ಅಂತ ಕೇಳಬೇಡಿ, ಉಂಟು. ನಮ್ಮದೇ ಪುತ್ತೂರು ಕಡೆಯ ಬೊಳುವಾರು ಮಹಮದ್ ಕುಂಞಿಯವರು ಮಕ್ಕಳಿಗಾಗಿ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ ಬರೆದಿದ್ದಾರೆ. 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಅದಕ್ಕೇ ಸಿಕ್ಕಿದ್ದು. ದೊಡ್ಡವರಿಗೆ ಅವರ ‘ಸ್ವಾತಂತ್ರ್ಯದ ಓಟ’ ಉಂಟು, ವಿಭಜನೆಯ ಬೆಂಕಿಯಿಂದ ಓಡಿಬಂದವನ ಕಥೆ. ಊರಿಂದ ಬರುವವರ ಹತ್ತಿರ ಹಲ್ವ, ಬನ್ಸ್ ತರಿಸುತ್ತೇವಲ್ಲ, ಜೊತೆಗೆ ಒಂದು ಪುಸ್ತಕವನ್ನೂ ತರಿಸಿ.

ಈಗ ಹೇಳಬೇಕಾದ ಮುಖ್ಯ ವಿಷಯ. ನಿಶಾಳ ಕಷ್ಟ ಮತ್ತು ನಮ್ಮ ಕಷ್ಟ ಒಂದೇ ಅಲ್ಲ. ಅವರನ್ನು ಓಡಿಸಿದರು. ನಾವು ಪಾಸ್‌ಪೋರ್ಟ್ ಮಾಡಿಸಿ, ವೀಸಾ ಹಿಡಿದುಕೊಂಡು, ಹೊಟ್ಟೆಪಾಡಿಗೆ ಬಂದವರು. ಆದರೆ ಆ ಡೈರಿಯ ಪತ್ರಗಳನ್ನು ಓದುವಾಗ ನಮಗೆ ನಮ್ಮ ಉಪ್ಪಂದಿರ ಪತ್ರಗಳೇ ನೆನಪಾದವು. ಗಲ್ಫಿನಿಂದ ಬರುತ್ತಿದ್ದ ನೀಲಿ ಏರೋಗ್ರಾಮ್, ಆಮೇಲೆ ಮಾತು ತುಂಬಿಸಿ ಕಳಿಸುತ್ತಿದ್ದ ಕ್ಯಾಸೆಟ್. ಓದಲಿಕ್ಕೆ ಬಾರದ ಉಮ್ಮಂದಿರು ಪಕ್ಕದ ಮನೆಯ ಮಕ್ಕಳಿಂದ ಓದಿಸಿಕೊಂಡು, ಕೊನೆಯ ಸಲಾಂ ತನಕ ಕೇಳಿ, ಇನ್ನೊಮ್ಮೆ ಓದು ಮಗಾ ಅನ್ನುತ್ತಿದ್ದರು. ಎಷ್ಟು ಮನೆಯಲ್ಲಿ ಆ ಪತ್ರಗಳು ಇವೆ? ಹಂಚಿನ ಮನೆ ಹೋಗಿ ಆರ್‌ಸಿಸಿ ಮನೆ ಬರುವಾಗ ಹೆಚ್ಚಿನವು ಗೆದ್ದಲು ಹಿಡಿದು ಹೋದವು.

ನಮ್ಮ ಮನೆಯಲ್ಲಿ ಉಳಿದದ್ದು ಏಳು. ಕನ್ನಡ ಲಿಪಿ, ಅರ್ಧ ಮಾತು ಬ್ಯಾರಿ. ಏಳರಲ್ಲೂ ಒಂದೇ ಸುದ್ದಿ: ಇಲ್ಲಿ ಸುಖ, ಊಟ ಒಳ್ಳೆಯದುಂಟು, ಚಿಂತೆ ಮಾಡಬೇಡ. ಅದರಲ್ಲಿ ಒಂದು ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಉಪ್ಪ ತಮಗೇ ಹಾಕಿಕೊಂಡ ಲೆಕ್ಕ: ಸಂಬಳ 600 ರಿಯಾಲ್, ಊರಿಗೆ 450, ವೀಸಾ ಸಾಲಕ್ಕೆ 60, ಊಟಕ್ಕೆ 90. ಲೆಕ್ಕದವರ ಕಣ್ಣು, ಕೂಡಿಸಿ ನೋಡಿದೆವು, ಸರಿ ಇತ್ತು. ಮಗಳು ನೋಡಿ ಕೇಳಿದಳು: “ಅಜ್ಜನಿಗೆ ಅಂತ ಏನೂ ಇಲ್ಲವಾ?” ಇಷ್ಟು ವರ್ಷ ಲೆಕ್ಕಪತ್ರ ನೋಡಿದವರಿಗೆ ಆ ಖಾಲಿ ಜಾಗ ತೋರಿಸಲಿಕ್ಕೆ ಒಂದು ಮಗು ಬೇಕಾಯಿತು.

ವೀರಾ ಅವರು ಈ ಕಾದಂಬರಿ ಬರೆದದ್ದು ಹೇಗೆ ಗೊತ್ತುಂಟಾ? ಅವರ ತಂದೆಯ ಕುಟುಂಬವೇ ಮೀರ್‌ಪುರ್ ಖಾಸಿನಿಂದ ಜೋಧ್‌ಪುರಕ್ಕೆ ಬಂದದ್ದು. ಮಗಳು ಬೆಳೆದದ್ದು ಅಮೆರಿಕದಲ್ಲಿ. ತಂದೆಯ ಬಾಯಿಂದ ಕೇಳಿದ್ದು ಎಪ್ಪತ್ತು ವರ್ಷದ ಮೇಲೆ ಪುಸ್ತಕವಾಯಿತು. ತಂದೆ ಬಾಯಿ ಬಿಡದೇ ಇರುತ್ತಿದ್ದರೆ? ಮಗಳು ಕೇಳದೇ ಇರುತ್ತಿದ್ದರೆ?

ನಮ್ಮ ಆಲ್ಡಿಯನ್ನೇ ನೋಡಿ. ಇಲ್ಲಿ 1863ರ ಜೂನ್ 17ರಂದು ಕುದುರೆ ಸವಾರರ ಯುದ್ಧ ಆದದ್ದಕ್ಕೆ ರಸ್ತೆ ಬದಿಯಲ್ಲಿ ಫಲಕ ಉಂಟು. ಹಳೆಯ ಹಿಟ್ಟಿನ ಗಿರಣಿಯನ್ನು ಜೋಪಾನ ಮಾಡಿ ಇಟ್ಟಿದ್ದಾರೆ. ನಮ್ಮ ಮಕ್ಕಳಿಗೆ ಅದು ಗೊತ್ತು. ಜುಬೈಲಿನಲ್ಲೋ ದಮ್ಮಾಮಿನಲ್ಲೋ ಅಜ್ಜ ಯಾವ ರೂಮಿನಲ್ಲಿ ಎಷ್ಟು ಜನರ ನಡುವೆ ಮಲಗುತ್ತಿದ್ದರು ಅಂತ ಗೊತ್ತಿಲ್ಲ. ವೌಚರ್ ಇಲ್ಲದ ಖರ್ಚು ಪುಸ್ತಕಕ್ಕೆ ಏರುವುದಿಲ್ಲ, ಅಲ್ಲವಾ?

ಹಾಗಾಗಿ ಒಂದು ವಿನಂತಿ. ಇಲ್ಲಿರುವವರಿಗೂ, ಪತ್ರಿಕೆ ಓದುವ ಗಲ್ಫಿನ ಸಹೋದರರಿಗೂ, ಊರಿನ ಮನೆಯವರಿಗೂ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಕ್ಕಳ ಕೈಯಲ್ಲಿ ಕೊಡಿ. ಅಜ್ಜ ಅಜ್ಜಿಯರನ್ನು ಅವರೇ ಕೇಳಲಿ. ಮೊದಲು ಊರು ಬಿಟ್ಟದ್ದು ಯಾವ ವರ್ಷ? ಟಿಕೆಟಿಗೆ ದುಡ್ಡು ಯಾರು ಕೊಟ್ಟರು, ಯಾರ ಚಿನ್ನ ಅಡವಿಟ್ಟರು? ಮೊದಲ ಸಂಬಳದಲ್ಲಿ ಎಂತ ತೆಗೆದರು? ಯಾರ ಮಯ್ಯತ್‌ಗೆ ಬರಲಿಕ್ಕೆ ಆಗಲಿಲ್ಲ? ಹಾಗೆಯೇ ಅಜ್ಜಿಯರನ್ನು ಬಿಡಬೇಡಿ. ಎರಡೆರಡು ವರ್ಷ ಒಬ್ಬರೇ ಮನೆ, ಮಕ್ಕಳು, ಸಾಲಗಾರರು ಎಲ್ಲವನ್ನೂ ನೋಡಿದವರು ಅವರು. ಅವರ ಕಥೆಯನ್ನು ಕೇಳಿದವರೇ ಇಲ್ಲ.

ಕನ್ನಡವೋ ಬ್ಯಾರಿಯೋ ಇಂಗ್ಲಿಷೋ, ಬಂದ ಭಾಷೆಯಲ್ಲಿ ಬರೆಯಿರಿ. ಬರೆಯಲಿಕ್ಕೆ ಆಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಬರೀ ದೊಡ್ಡಸ್ತಿಕೆ ಬೇಡ. ಸಾಲ, ಮೋಸ, ಅತ್ತದ್ದು ಎಲ್ಲ ಇರಲಿ. ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು. ಮುಂದಿನ ಕೂಟಕ್ಕೆ ಪ್ರತಿ ಮನೆಯಿಂದ ಒಂದು ಪುಟ ಬರಲಿ, ಓದುವುದು ಮಕ್ಕಳೇ ಆಗಲಿ.