ಮಾರಿಕುಪ್ಪಂ ಗಾಡಿಯಲ್ಲಿ ಹೊರಟ ಭಾನುವಾರ



ಇವತ್ತು ಬಂಗಾರಪೇಟೆಯ ಈ ಸಭೆಯಲ್ಲಿ ಕುಡಿತದ ಬಗ್ಗೆ ಮಾತಾಡುತ್ತೇನೆ ಅಂದಾಗ ಕೆಲವರು, "ಮನೆ ವಿಷಯ ಬೀದಿಗೆ ಯಾಕೆ?" ಅಂದರು. ಅಣ್ಣನ ಒಪ್ಪಿಗೆ ಪಡೆದೇ ಬಂದಿದ್ದೇನೆ. ಎಷ್ಟೋ ವರ್ಷ ಆ ವಿಷಯವನ್ನು ಮನೆಯೊಳಗೇ ಮುಚ್ಚಿಟ್ಟೆವು. ಯಾರಿಗೂ ಒಳ್ಳೆಯದಾಗಲಿಲ್ಲ.

ಅಪ್ಪ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ನೆಲದಡಿ ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಗಣಿ ಅದು. ಆ ಸೆಖೆಯಿಂದ ಮೇಲೆ ಬಂದವರಿಗೆ ಮೈಕೈ ನೋವಿಗೂ ಎದೆಯ ದೂಳಿಗೂ ಸಾರಾಯಿಯೇ ಔಷಧ ಎಂಬ ನಂಬಿಕೆಯಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದುಡಿದು ದಣಿದು ಕುಡಿಯುತ್ತಿದ್ದ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಕೆಲಸವಿಲ್ಲ ಅಂತ ಕುಡಿಯುವುದು ಶುರುವಾಯಿತು. ಅಣ್ಣ ಬೆಳಗಿನ ಗಾಡಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರಲ್ಲಿ ಒಬ್ಬನಾದ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಮ್ಮ ದೇವರಿಗೆ ತೆಂಗಿನಕಾಯಿ ಒಡೆದಳು. ಅಣ್ಣನ ಜೇಬಿನಲ್ಲಿ ಸಾರಾಯಿ ಪ್ಯಾಕೆಟ್ ಹೋಗಿ ವಿಸ್ಕಿ ಕ್ವಾರ್ಟರ್ ಬಂತು. ಅಷ್ಟೇ ಆದ ಬದಲಾವಣೆ.

ಒಮ್ಮೆ ಅವನೇ ಹಟ ತೊಟ್ಟು ಬಿಟ್ಟ. ಮೂರನೆಯ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹರಿಯುತ್ತಿದೆ ಅಂತ ಅಂಗೈಯಿಂದ ಒರೆಸುತ್ತಲೇ ಇದ್ದ. ಅಲ್ಲಿ ಇರುವೆ ಇರಲಿಲ್ಲ. ಕೈ ಕೆಂಪಾಗಿ ಸುಣ್ಣ ಉದುರುತ್ತಿತ್ತು. ದಯವಿಟ್ಟು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಮೊದಲು ವೈದ್ಯರು, ಆಮೇಲೆ ಗುಂಪು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಹೋಗಲಾಗದವರು 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ರಾತ್ರಿಯ ನಂತರ ಅಣ್ಣನಿಗೆ ಕೊಡಿಸಿದ ಚಿಕಿತ್ಸೆ ಮುಗಿದ ದಿನ ವೈದ್ಯರೊಬ್ಬರು ಅವನನ್ನು ಕೇಳಿದರು: "ಮಾತ್ರೆ ನಡುಕ ನಿಲ್ಲಿಸುತ್ತೆ. ಸಂಜೆ ಏಳು ಗಂಟೆಗೆ ನಿನ್ನ ಜೊತೆ ಯಾರಿರ್ತಾರೆ?" ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅವರೇ ಒಂದು ಚೀಟಿಯಲ್ಲಿ ಎಎ ಸಭೆಯ ವಿಳಾಸ ಬರೆದುಕೊಟ್ಟರು. ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್.

ಭಾನುವಾರ ಬೆಂಗಳೂರಿನ ಆ ಸಭೆಗೆ ಮಾರಿಕುಪ್ಪಂ ಗಾಡಿ ಹತ್ತಿದೆವು. ಊರಿನಲ್ಲೇ ಇಂಥ ಸಭೆಯಿದ್ದಿದ್ದರೆ ಆವತ್ತು ಅಣ್ಣ ಖಂಡಿತ ಹೋಗುತ್ತಿರಲಿಲ್ಲ. ಊರ್ಗಾಂ, ಕೋರಮಂಡಲ್ ದಾಟುವವರೆಗೂ ಗುರುತಿನವರು ಕಂಡಾರು ಅಂತ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಸಭೆ ನಡೆಯುತ್ತಿದ್ದುದು ಒಂದು ಚರ್ಚಿನ ಹಿಂದಿನ ಶಾಲಾ ಕೊಠಡಿಯಲ್ಲಿ. ಮನೆಯವರೂ ಕೂರಬಹುದಾದ ಸಭೆಯಾದ್ದರಿಂದ ನನ್ನನ್ನೂ ಬಿಟ್ಟರು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ತಾನು ಕುಡಿತದ ರೋಗಿ ಅಂತ ಹೇಳಿ, ತನ್ನ ಕಥೆ ಹೇಳುತ್ತಿದ್ದರು. ಯಾರೂ ಉಪದೇಶ ಮಾಡಲಿಲ್ಲ. ಅವರ ಮಾತುಗಳನ್ನು ನಾನಿಲ್ಲಿ ಹೇಳುವುದಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು.

ಅಣ್ಣನದು ಮಾತ್ರ ಹೇಳುತ್ತೇನೆ. ಟೀ ಲೋಟ ಹಿಡಿದ ಕೈ ನಡುಗಿ ಟೀ ಚೆಲ್ಲಿತು. ಪಕ್ಕದವರು ಏನೂ ಅನ್ನದೆ ತಮ್ಮ ಲೋಟದಿಂದ ಅರ್ಧ ಸುರಿದುಕೊಟ್ಟರು. ನಾಲ್ಕನೆಯ ವಾರ ಅಣ್ಣ ಎದ್ದು ನಿಂತ. ಕನ್ನಡದಲ್ಲಿ ಶುರು ಮಾಡಿದವನು ಮಗಳ ಫೀಸಿನ ದುಡ್ಡಿನ ವಿಷಯ ಬರುತ್ತಲೇ ನಮ್ಮ ಮನೆಮಾತು ತೆಲುಗಿಗೆ ಜಾರಿದ. ಅಲ್ಲಿದ್ದವರಲ್ಲಿ ಎಷ್ಟೋ ಜನಕ್ಕೆ ತೆಲುಗು ಬರುತ್ತಿರಲಿಲ್ಲ. ಆದರೂ ಯಾರೂ ತಡೆಯಲಿಲ್ಲ, ಕೊನೆಯವರೆಗೂ ಕೇಳಿದರು. ನಮ್ಮ ಮನೆಯಲ್ಲಿ ಅವನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈ ಎಎ ಹುಟ್ಟಿದ್ದೂ ನಮ್ಮಂಥದೇ ಕಾರ್ಖಾನೆ ಊರಿನಲ್ಲಿ, ಟೈರು ತಯಾರಿಸುತ್ತಿದ್ದ ಅಮೆರಿಕದ ಆಕ್ರನ್‌ನಲ್ಲಿ. 1935ರ ಮೇ ತಿಂಗಳು, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಎಂಬಾತ ವ್ಯವಹಾರ ಕೆಟ್ಟು ಹೋಟೆಲಿನಲ್ಲಿ ಒಂಟಿಯಾಗಿ ನಿಂತಿದ್ದ. ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವನು ಫೋನಿನ ಕಡೆಗೆ ಹೋದ. ಯಾರನ್ನೋ ಉದ್ಧಾರ ಮಾಡುವುದಕ್ಕಲ್ಲ, ತಾನು ಕುಡಿಯದೆ ಉಳಿಯುವುದಕ್ಕೆ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕಿತ್ತು. ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್. ಆ ಡಾಕ್ಟರ್ ಕೊನೆಯ ಸಲ ಕುಡಿದ ಜೂನ್ 10 ಎಎ ಹುಟ್ಟಿದ ದಿನವಾಯಿತು. ಎಎಗೆ ಸೇರಲು ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಗುಂಪಿದೆ. ಅತ್ತಿಗೆಗೆ ಅದನ್ನು ತಡವಾಗಿ ಹೇಳಿದೆವು, ಆ ಕೊರಗು ನನಗಿನ್ನೂ ಇದೆ.

ನಮ್ಮ ರಾಜ್ಯದ್ದೇ ದಾರಿಯೂ ಉಂಟು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ. ಅಲ್ಲಿ ಭಜನೆಯಿದೆ, ಊರಿನವರ ಸಮ್ಮುಖವಿದೆ, ಎಎಯಲ್ಲಿ ಅನಾಮಿಕತೆಯಿದೆ. ಯಾರಿಗೆ ಯಾವುದು ಒಗ್ಗುತ್ತದೋ ಅದು. ನನ್ನ ಅನುಭವದಲ್ಲಿ ಎರಡರಲ್ಲೂ ಕೆಲಸ ಮಾಡುವುದು ಒಂದೇ: ಮುಂದಿನ ವಾರ ಬರುತ್ತೇನೆ ಅಂತ ಹತ್ತು ಜನಕ್ಕೆ ಮಾತು ಕೊಟ್ಟಿರುವುದು.

ದೂರದ ಸಭೆ ಅಣ್ಣನ ಮಾನ ಉಳಿಸಿತು, ನಿಜ. ಆದರೆ ಸಂಜೆ ಏಳಕ್ಕೆ ನಾಲಿಗೆ ಒಣಗಿದಾಗ ಎಪ್ಪತ್ತು ಕಿಲೋಮೀಟರ್ ಆಚೆಯ ಗೆಳೆಯ ಸಾಲುವುದಿಲ್ಲ. ಅದಕ್ಕೇ ಈ ಸಂಘದವರಲ್ಲಿ ಒಂದು ಬೇಡಿಕೆ. ಈ ಸಭಾಂಗಣ ಭಾನುವಾರ ಸಂಜೆ ಖಾಲಿ ಇರುತ್ತದೆ. ಅದನ್ನು ಎಎ ಸಭೆಗೆ ಕೊಡಿ. ಬಾಡಿಗೆ ಗುಂಪಿನವರೇ ಕೊಡುತ್ತಾರೆ. ಹೊರಗಿನವರ ದೇಣಿಗೆ ಪಡೆಯಬಾರದೆಂಬುದು ಎಎಯ ಕಟ್ಟುಪಾಡು. ಬೇಕಾಗಿರುವುದು ಹತ್ತು ಕುರ್ಚಿ, ಬೀಗದ ಕೈ, ಮತ್ತೆ ಆ ಹಿಂಬಾಗಿಲು ತೆರೆದಿರುವುದು. ಮುಂಬಾಗಿಲು ರಸ್ತೆಗೆ ಎದುರಾಗಿದೆ, ಮೊದಲ ದಿನ ಬರುವವರಿಗೆ ಆ ಮೆಟ್ಟಿಲು ಹತ್ತುವುದು ಕಷ್ಟ. ಗುಂಪು ಅನ್ನಿಸಿಕೊಳ್ಳಲು ಇಬ್ಬರಿದ್ದರೆ ಸಾಕು. ಅಣ್ಣ ಬರುತ್ತೇನೆ ಅಂದಿದ್ದಾನೆ. ಇನ್ನೊಬ್ಬರು ಬೇಕು.