ಲೋಕಸೇವಕರ ಮನೋವ್ಯಥೆಯೂ ಸಮಾಜದ ಕರ್ತವ್ಯವೂ



ಶ್ರೀಮಠದ ಈ ಮಹೋತ್ಸವದ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಿಯವರಿಂದ ಅಪ್ಪಣೆಯಾಗಿರುವದು ನನ್ನ ಸುಕೃತವೆಂದು ಭಾವಿಸುತ್ತೇನೆ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಶಿವಾಗಮವನ್ನೂ ಓದಿ ಬೆಳೆದ ನಾನು ಷಟ್‌ಸ್ಥಲದ ವಿಚಾರವನ್ನೇ ಎತ್ತಿಕೊಳ್ಳುವೆನೆಂದು ತಾವು ನಿರೀಕ್ಷಿಸಿರಬಹುದು. ಆದರೆ ಕೆಲವು ವರ್ಷಗಳಿಂದ ಒಂದು ಸಂಗತಿಯು ನನ್ನ ಮನಸ್ಸನ್ನು ಬಾಧಿಸುತ್ತಲಿರುವ ಕಾರಣ, ಅದನ್ನೇ ತಮ್ಮೆದುರಿಗೆ ಬಿನ್ನವಿಸಿಕೊಳ್ಳುತ್ತೇನೆ.

ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಭಕ್ತರೊಬ್ಬರು ನನ್ನಲ್ಲಿಗೆ ಬಂದರು. ಊರ ಪಂಚಾಯತಿಗೆ ಆರಿಸಿ ಬಂದು, ಹತ್ತು ಜನರಿಗೆ ಉಪಕಾರ ಮಾಡಿ ಹೆಸರು ಗಳಿಸಿದವರು. ಕುಳಿತೊಡನೆ ಬಾಗಿಲ ಕಡೆಗೊಮ್ಮೆ ನೋಡಿ, "ಶಾಸ್ತ್ರಿಗಳೇ, ನಾನು ಬಂದದ್ದು ಯಾರಿಗೂ ತಿಳಿಯಬಾರದು" ಎಂದರು. ಅವರು ಸಾರ್ವಜನಿಕರ ಹಣವನ್ನು ತಿಂದರೆಂಬ ಅಪವಾದವೊಂದು ಊರಿನವರ ಕೈದೂರವಾಣಿಗಳಲ್ಲೆಲ್ಲ ಹರಿದಾಡಿತ್ತು. ಅನ್ನ ರುಚಿಸದು, ನಿದ್ದೆ ಬಾರದು, ಜನರನ್ನು ಕಂಡರೆ ಎದೆ ನಡುಗುವದು ಎಂದು ಹೇಳಿಕೊಂಡರು. ನಾನು, "ಧೈರ್ಯ ತಂದುಕೊಳ್ಳಿರಿ, ಲಿಂಗಪೂಜೆಯನ್ನು ತಪ್ಪಿಸಬೇಡಿರಿ, ಎಲ್ಲವೂ ಸರಿಹೋಗುವದು" ಎಂದು ವಿಭೂತಿಯನ್ನು ಕೊಟ್ಟು ಕಳುಹಿದೆನು.

ಪುಣ್ಯವಶಾತ್ ಅವರ ತಮ್ಮನು ವಿವೇಕಿ. ಅಣ್ಣನನ್ನು ಜಿಲ್ಲೆಯ ಆಸ್ಪತ್ರೆಗೆ ಕರೆದೊಯ್ದನು. ಕೆಲವು ತಿಂಗಳ ಚಿಕಿತ್ಸೆಯಿಂದ ಅವರು ಗುಣಹೊಂದಿದರು. ಆಮೇಲೆ ಮಠಕ್ಕೆ ಬಂದಾಗ ನನಗೆ ಹೇಳಿದರು: "ಅಂದು ತಾವು, ನಿದ್ದೆಯಿಲ್ಲದೆ ಎಷ್ಟು ದಿನವಾಯಿತೆಂದು ಒಂದು ಮಾತು ಕೇಳಿದ್ದರೆ, ಸಾಯಬೇಕೆಂದಿದ್ದೇನೆಂಬುದನ್ನೂ ಹೇಳಿಬಿಡುತ್ತಿದ್ದೆ." ನಾನು ತಲೆ ತಗ್ಗಿಸಿದೆನು. ನಾನಾಡಿದ ಮಾತು ಸುಳ್ಳಾಗಿರಲಿಲ್ಲ. ಆದರೆ ಕೇಳಬೇಕಾದುದನ್ನು ಕೇಳದೆ ಉಪದೇಶಕ್ಕೆ ತೊಡಗಿದ್ದೆನು.

ಕಾಲಿಗೆ ಮುಳ್ಳು ನೆಟ್ಟರೆ ಹತ್ತು ಜನರ ಮುಂದೆ ಹೇಳಿಕೊಳ್ಳುವ ನಾವು ಮನಸ್ಸು ನೊಂದರೆ ಯಾಕೆ ಮುಚ್ಚಿಡುತ್ತೇವೆ? ಅದರಲ್ಲಿಯೂ ಲೋಕಸೇವೆಗೆ ನಿಂತವರು ಯಾಕೆ ಅಷ್ಟೊಂದು ಅಂಜುತ್ತಾರೆ? ಇದಕ್ಕೆ ಉತ್ತರವನ್ನು ಅವರಲ್ಲಿ ಹುಡುಕುವದಕ್ಕಿಂತ ನಮ್ಮಲ್ಲಿ ಹುಡುಕುವದು ಯುಕ್ತವೆಂದು ನನಗೆ ತೋರುತ್ತದೆ.

ಕಲ್ಯಾಣದ ಕಥೆಯನ್ನು ತಾವೆಲ್ಲ ಬಲ್ಲಿರಿ. ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರು ರಾಜಧನವನ್ನು ಜಂಗಮರಿಗೆ ಸೂರೆಮಾಡುತ್ತಿರುವರೆಂದು ಕೊಂಡೆಯರು ದೊರೆಗೆ ಚಾಡಿ ಹೇಳಿದರೆಂದೂ, ಭಂಡಾರವನ್ನು ತೆರೆಯಿಸಿ ಎಣಿಸಲಾಗಿ ಏನೂ ಕಡಿಮೆಯಾಗಿರಲಿಲ್ಲವೆಂದೂ ಬಸವಪುರಾಣವು ಹೇಳುತ್ತದೆ. ಇದನ್ನು ನಾವು ಪವಾಡವೆಂದು ಕೇಳಿ ಕೈಮುಗಿಯುತ್ತೇವೆ. ಆದರೆ ಬಿಜ್ಜಳನಿಂದಲೂ ಕಲಿಯತಕ್ಕ ಒಂದು ನೀತಿ ಇದರಲ್ಲಿದೆ. ಆತನು ಚಾಡಿಗೆ ಕಿವಿಗೊಟ್ಟನು, ಆದರೂ ದಂಡಿಸುವ ಮುನ್ನ ಎಣಿಸಿ ನೋಡಿದನು. ನಾವಾದರೋ ಬಂದ ಸುದ್ದಿಯನ್ನು ಎಣಿಸದೆಯೇ ಮುಂದಿನವರಿಗೆ ದಾಟಿಸಿಬಿಡುತ್ತೇವೆ. ಇನ್ನೊಂದು ಮಾತು: ಮಂತ್ರಿಪದವಿಯಲ್ಲಿದ್ದ ಬಸವಣ್ಣನವರು ತಮ್ಮ ಮನಸ್ಸಿನ ತಳಮಳವನ್ನು ವಚನಗಳಲ್ಲಿ ಎಲ್ಲಿಯೂ ಬಚ್ಚಿಡಲಿಲ್ಲ. ಅದನ್ನು ಕೇಳುವ ಶರಣರು ಅವರ ಸುತ್ತಲೂ ಇದ್ದರು.

ಮನೋವ್ಯಥೆಯ ವಿಷಯದಲ್ಲಿ ರಾಜಕಾರಣಿಗಳೂ ಪತ್ರಿಕೆಗಳೂ ಹೇಗೆ ನಡೆದುಕೊಂಡರೆಂಬುದಕ್ಕೆ ಪರದೇಶಗಳ ಮೂರು ಉದಾಹರಣೆಗಳನ್ನು ಹೇಳುತ್ತೇನೆ.

1964ರಲ್ಲಿ ಅಮೇರಿಕೆಯ ಅಧ್ಯಕ್ಷಪದವಿಗೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರರು ಮನಸ್ಸಿನಿಂದ ಯೋಗ್ಯರೇ ಎಂದು 'ಫ್ಯಾಕ್ಟ್' ಎಂಬ ಪತ್ರಿಕೆಯು 12,356 ಮನೋವೈದ್ಯರನ್ನು ಕೇಳಿತು. ಉತ್ತರ ಕೊಟ್ಟ 2,417 ಜನರಲ್ಲಿ 1,189 ಜನರು ಅಯೋಗ್ಯರೆಂದು ಬರೆದರು. ಪರೀಕ್ಷಿಸಿ ನೋಡದೆಯೇ ಬರೆದರು! ಗೋಲ್ಡ್‌ವಾಟರರು ದಾವೆ ಹೂಡಿ ಗೆದ್ದರು. ತಾನು ಪರೀಕ್ಷಿಸದ ವ್ಯಕ್ತಿಯ ಮನಸ್ಸಿನ ವಿಷಯವಾಗಿ ವೈದ್ಯನು ಅಭಿಪ್ರಾಯ ಕೊಡುವದು ಧರ್ಮವಲ್ಲವೆಂದು ಅಲ್ಲಿಯ ಮನೋವೈದ್ಯರ ಸಂಘವು 1973ರಲ್ಲಿ ನಿಯಮ ಮಾಡಿತು. ವೈದ್ಯರಿಗೇ ಈ ಕಟ್ಟಳೆಯಿರುವಾಗ, ಚುನಾವಣೆ ಬಂದೊಡನೆ ಎದುರಾಳಿಯನ್ನು "ಹುಚ್ಚ" ಎಂದು ಕರೆಯಲು ನಮಗೆಲ್ಲಿಯ ಅಧಿಕಾರ?

1972ರಲ್ಲಿ ಅದೇ ದೇಶದ ಉಪಾಧ್ಯಕ್ಷಪದವಿಗೆ ಥಾಮಸ್ ಈಗಲ್ಟನ್ನರನ್ನು ಅವರ ಪಕ್ಷವು ಆರಿಸಿತು. ಅವರು ಹಿಂದೆ ಮೂರು ಸಲ ಮನೋವ್ಯಥೆಗಾಗಿ ಆಸ್ಪತ್ರೆಯನ್ನು ಸೇರಿದ್ದರು. ಪಕ್ಷದವರಿಗೆ ಅದನ್ನು ತಿಳಿಸಿರಲಿಲ್ಲ. ಮುಚ್ಚಿಟ್ಟದ್ದು ತಪ್ಪೆಂದರೆ ತಪ್ಪೇ. ಆದರೆ ಸಂಗತಿ ಹೊರಬಿದ್ದ ಮೇಲೆ ಏನಾಯಿತೆಂಬುದನ್ನು ನೋಡಿದರೆ ಅವರು ಮುಚ್ಚಿಟ್ಟ ಕಾರಣವೂ ತಿಳಿಯುವದು. ದೊಡ್ಡ ಪತ್ರಿಕೆಗಳು ಹಿಂದೆ ಸರಿಯಿರೆಂದು ಬರೆದವು. ಪತ್ರಕರ್ತರೊಬ್ಬರು, ಈಗಲ್ಟನ್ನರು ಕುಡಿದು ವಾಹನ ನಡೆಸಿ ಸಿಕ್ಕಿಬಿದ್ದಿದ್ದರೆಂದು ಆಧಾರವಿಲ್ಲದೆ ಪ್ರಚಾರ ಮಾಡಿ, ಬಳಿಕ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆರಿಸಲ್ಪಟ್ಟ 18ನೆಯ ದಿನವೇ ಅವರು ಹಿಂದೆ ಸರಿದರು. ಆದರೆ ಅದೇ ಮನುಷ್ಯರನ್ನು ಅವರ ಸೀಮೆಯ ಜನರು 1974ರಲ್ಲಿಯೂ 1980ರಲ್ಲಿಯೂ ಮತ್ತೆ ಸೆನೆಟ್ ಸಭೆಗೆ ಕಳುಹಿದರು. 1987ರ ವರೆಗೆ ಅವರು ಅಲ್ಲಿ ಕಾರ್ಯ ಮಾಡಿದರು.

1998ರಲ್ಲಿ ನಾರ್ವೆ ದೇಶದ ಪ್ರಧಾನಮಂತ್ರಿಗಳಾಗಿದ್ದ ಶೆಲ್ ಮಾಗ್ನೆ ಬೊಂಡೆವಿಕ್ಕರು ದೀಕ್ಷೆ ಪಡೆದ ಪಾದ್ರಿಗಳೂ ಹೌದು. ಖಿನ್ನತೆಯಿಂದ ಏಳಲಾರದಂತಾದಾಗ ಅವರು ರೋಗದ ಹೆಸರನ್ನು ಬಹಿರಂಗವಾಗಿ ಹೇಳಿ, ಅಧಿಕಾರವನ್ನು ತಾತ್ಕಾಲಿಕವಾಗಿ ಸಹೋದ್ಯೋಗಿಗೆ ಒಪ್ಪಿಸಿ, ಮೂರು ವಾರಗಳಿಗೂ ಮಿಕ್ಕಿ ವಿಶ್ರಾಂತಿ ಪಡೆದು, ಮರಳಿ ಕೆಲಸಕ್ಕೆ ಬಂದರು. ಅವರ ದೇಶವು ಕೆಡಲಿಲ್ಲ. 2001ರಲ್ಲಿ ಅವರು ಪುನಃ ಪ್ರಧಾನಮಂತ್ರಿಗಳಾಗಿ 2005ರ ವರೆಗೆ ಆಳಿದರು. ಆಳುವವನು ಸಮರ್ಥನೋ ಅಲ್ಲವೋ ಎಂದು ತಿಳಿಯುವ ಹಕ್ಕು ಪ್ರಜೆಗಳಿಗೆ ಇದ್ದೇ ಇದೆ. ಆ ಹಕ್ಕು ಸಲ್ಲಬೇಕಾದರೂ, ಸತ್ಯ ನುಡಿದವನನ್ನು ನಾವು ಕಲ್ಲಿನಿಂದ ಹೊಡೆಯದಿರಬೇಕು.

ನಮ್ಮ ನಾಡಿನಲ್ಲಿ ಇದಕ್ಕೆ ಸಾಧನಗಳಿಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಗಳ ಆರೋಗ್ಯಕೇಂದ್ರಗಳಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ದೊರೆಯುವಂತೆ ಮಾಡಿ ತೋರಿಸಿದರು. ಅದೇ ಮಾದರಿಯು 1996ರಿಂದ ದೇಶದ ಇತರ ಜಿಲ್ಲೆಗಳಿಗೂ ಹಬ್ಬಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಮೇರೆಗೆ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮನೋರೋಗಿಯ ಚಿತ್ರವನ್ನಾಗಲಿ ವಿವರವನ್ನಾಗಲಿ ಸಮ್ಮತಿಯಿಲ್ಲದೆ ಪತ್ರಿಕೆ ಮೊದಲಾದವುಗಳಿಗೆ ಕೊಡಲಾಗದು. 2022ರಿಂದ ಟೆಲಿ ಮಾನಸ್ ಎಂಬ ಏರ್ಪಾಡಿನ 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ದೂರವಾಣಿ ಮಾಡಿ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದಾಗಿದೆ.

ಆದರೆ ಕಾಯಿದೆಯು ಮಾಡಲಾರದ ಕೆಲಸವೊಂದು ನಮ್ಮ ಪಾಲಿಗೆ ಉಳಿದಿದೆ. ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದುಂಟು; ಶಿವನಿಂದೆಯನ್ನೂ ಶರಣನಿಂದೆಯನ್ನೂ ಸಹಿಸದಿರುವದೇ ಅದು. ನೊಂದ ಮನಸ್ಸಿನವನೂ ಅಂಗದ ಮೇಲೆ ಲಿಂಗವನ್ನು ಧರಿಸಿದವನೇ ಅಲ್ಲವೆ? ಅವನ ನಿಂದೆಯು ನಮ್ಮ ಕೈಗೆ ಬಂದಾಗ ಅದನ್ನು ಅಲ್ಲಿಯೇ ನಿಲ್ಲಿಸುವದು ಈ ಕಾಲದ ಗಣಾಚಾರವೆಂದು ನಾನು ತಿಳಿದಿದ್ದೇನೆ. ಮತ್ತು ದಾಸೋಹಕ್ಕೆ ಬಂದವನನ್ನು ಉಂಡಿರಾ ಎಂದು ಕೇಳುವ ಈ ಮಠದಲ್ಲಿ, ನಿದ್ದೆ ಮಾಡಿದಿರಾ ಎಂದೂ ಕೇಳುವ ರೂಢಿಯಾಗಲಿ. ಪೂಜೆಯಿಂದ ಮನಸ್ಸಿಗೆ ನೆಮ್ಮದಿಯಾಗುವದು, ಅದನ್ನು ಬಿಡುವದು ಬೇಡ. ವೈದ್ಯನೂ ಶಿವನ ಕಾಯಕದವನೇ, ಅವನಲ್ಲಿಗೆ ಹೋಗುವದಕ್ಕೆ ನಾಚಿಕೆಯೂ ಬೇಡ.

ಅಂದು ಬಾಗಿಲ ಕಡೆಗೆ ನೋಡುತ್ತ ಕುಳಿತ ಆ ಭಕ್ತರಂಥವರು ಇನ್ನು ಮುಂದೆ ಹಗಲು ಹೊತ್ತಿನಲ್ಲಿಯೇ, ಯಾರಿಗೂ ಅಂಜದೆ ಈ ಮಹಾದ್ವಾರವನ್ನು ದಾಟಿ ಬರುವಂತಾಗಲೆಂದು ಶ್ರೀಗುರುವಿನಲ್ಲಿ ಬೇಡಿಕೊಂಡು, ನನ್ನ ಮಾತುಗಳಲ್ಲಿ ದೋಷವಿದ್ದರೆ ಕ್ಷಮಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.